ಮಗುವಿಗೆ ಯಾವ ಹೆಸರಿಡೋಣ?

*ಇಂದಿನ ಧಮ್ಮ ಚಿಂತನೆ*



ಕಳೆದ ವಾರ ನಮ್ಮ ಬಳಗದ ಯುವಕರೊಬ್ಬರು ಫೋನ್ ಮಾಡಿದ್ದರು. "ಮೇಷ್ಟ್ರೇ, ಗಂಡು ಮಗು ಆಗಿದೆ. ಒಳ್ಳೆಯ ಹಳೆಯ ಬೌದ್ಧ ಹೆಸರುಗಳನ್ನು ಅರ್ಥ ಸಮೇತ ಕಳಿಸಿ. ಆದರೆ ಕೇಳಿದ ಕೂಡಲೇ ನಾವು ಯಾರು ಅಂತ ಗೊತ್ತಾಗೋ ಹೆಸರು ಬೇಡ" ಎಂದರು. ಪಟ್ಟಿ ಬರೆಯಲು ಕೂತೆ. ಅವರ ಕೊನೆಯ ಮಾತು ಬಿಡಲಿಲ್ಲ. ಆದ್ದರಿಂದ ಪಟ್ಟಿಯ ಜೊತೆಗೆ ನಾಲ್ಕು ಮಾತನ್ನೂ ಬರೆಯುತ್ತಿದ್ದೇನೆ.

ಅವರ ಭಯ ಸುಳ್ಳಲ್ಲ. ನಾನು ಶಾಲೆಯಲ್ಲಿ ದಿನವೂ ಹಾಜರಿ ಕೂಗುವವನು. ಹೆಸರು ಕೇಳಿ ಜಾತಿ ಅಳೆಯುವ ಕಿವಿಗಳು ಸ್ಟಾಫ್ ರೂಮಿನಲ್ಲೂ ಇರುತ್ತವೆ. ನಮ್ಮಜ್ಜನ ಹೆಸರು ಕರಿಯ. ಎಪ್ಪತ್ತರ ಅಜ್ಜನನ್ನು ಹತ್ತು ವರ್ಷದ ಹುಡುಗರು "ಲೇ ಕರಿಯಾ" ಎಂದು ಕರೆಯುತ್ತಿದ್ದರು. ಊರಿನಲ್ಲಿ ಉಳಿದವರ ಹೆಸರಿನ ಕೊನೆಗೆ 'ಅಪ್ಪ' ಇತ್ತು, 'ಅಯ್ಯ' ಇತ್ತು. ಅಜ್ಜನಿಗೆ ಅದು ಸಾಯುವವರೆಗೂ ಸಿಗಲಿಲ್ಲ.

ಇದು ಒಂದು ಊರಿನ ಕೆಟ್ಟ ಚಾಳಿ ಮಾತ್ರವಲ್ಲ. ಮನುಸ್ಮೃತಿಯ ಎರಡನೇ ಅಧ್ಯಾಯದ 31ನೇ ಶ್ಲೋಕ ಹೆಸರಿಡುವುದಕ್ಕೂ ಕಾನೂನು ಮಾಡಿದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ಸೂಚಿಸಬೇಕು, ವೈಶ್ಯನದು ಧನ ಸೂಚಿಸಬೇಕು, ಶೂದ್ರನದು ಹೇಯವಾಗಿರಬೇಕು. ವರ್ಣದ ಹೊರಗೇ ಇಟ್ಟವರ ಪಾಡು ಇನ್ನೇನು? ತೊಟ್ಟಿಲಲ್ಲಿರುವಾಗಲೇ ಮಗುವಿನ ಸ್ಥಾನ ತೀರ್ಮಾನ. ಬಾಬಾಸಾಹೇಬರ ನೇತೃತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಇದೇ ಗ್ರಂಥವನ್ನು.

ಈಗ ಧಮ್ಮ ಏನು ಹೇಳುತ್ತದೆ ನೋಡೋಣ. ನಾಮಸಿದ್ಧಿ ಜಾತಕ ಎಂಬ ಕಥೆಯಿದೆ. ತಕ್ಷಶಿಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗನ ಹೆಸರು ಪಾಪಕ, ಅಂದರೆ ಕೆಟ್ಟವನು. ಬೇರೆ ಹೆಸರು ಕೊಡಿ ಎಂದು ಗುರುವನ್ನು ಕೇಳಿದ. "ಹೋಗಿ ನಿನಗೆ ಬೇಕಾದ ಹೆಸರನ್ನು ಹುಡುಕಿಕೊಂಡು ಬಾ" ಎಂದರು ಗುರು. ದಾರಿಯಲ್ಲಿ ಒಂದು ಹೆಣ ಹೋಗುತ್ತಿತ್ತು. ಸತ್ತವನ ಹೆಸರು ಜೀವಕ. ಮುಂದೆ, ಕೂಲಿಯ ಹಣ ತಂದಿಲ್ಲವೆಂದು ಒಬ್ಬ ದಾಸಿಯನ್ನು ಹೊಡೆಯುತ್ತಿದ್ದರು. ಅವಳ ಹೆಸರು ಧನಪಾಲಿ. ಇನ್ನೂ ಮುಂದೆ ಒಬ್ಬ ದಾರಿ ತಪ್ಪಿ ಅಲೆಯುತ್ತಿದ್ದ. ಅವನ ಹೆಸರು ಪಂಥಕ, ದಾರಿಗನೆಂದು! ಪಾಪಕ ಹಿಂದಿರುಗಿ, "ನನ್ನ ಹೆಸರೇ ಇರಲಿ" ಎಂದ.

ಹೆಸರು ಕರೆಯಲು ಮಾಡಿಕೊಂಡ ಗುರುತು ಮಾತ್ರ, ಗುಣ ಅದರಲ್ಲಿಲ್ಲ ಎಂಬುದು ಕಥೆಯ ಸಾರ. ವಾಸೆಟ್ಠ ಸುತ್ತದಲ್ಲಿ ಬುದ್ಧರು ಹೇಳುವುದೂ ಇದನ್ನೇ. ಹೆಸರು, ಗೋತ್ರ ಎಲ್ಲ ಲೋಕ ಮಾಡಿಕೊಂಡ ರೂಢಿ.

"ಹಾಗಾದರೆ ಅಜ್ಜನೂ ಕರಿಯ ಎಂಬ ಹೆಸರಲ್ಲೇ ತೃಪ್ತಿಯಾಗಿರಬೇಕಿತ್ತೇ?" ಎಂದು ಯಾರಾದರೂ ಕೇಳಬಹುದು. ಇಲ್ಲ. ಪಾಪಕನಿಗೆ ಗುರು ಬದಲಾಯಿಸುವ ಅವಕಾಶ ಕೊಟ್ಟಿದ್ದರು. ಅವನು ತಾನೇ ಯೋಚಿಸಿ ಬೇಡವೆಂದ. ಅಜ್ಜನಿಗೆ ಆ ಅವಕಾಶ ಇರಲಿಲ್ಲ. ಅಲ್ಲದೆ ಹೆಸರು ರೂಢಿಯಾದರೆ, ಮನುಷ್ಯರು ಮಾಡಿದ ರೂಢಿಯನ್ನು ಮನುಷ್ಯರೇ ಬದಲಾಯಿಸಬಹುದು. ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಕಳೆದುಕೊಳ್ಳುವಂತೆ, ನಾಲ್ಕೂ ವರ್ಣದವರು ಸಂಘ ಸೇರಿದ ಮೇಲೆ ಹಳೆಯ ಹೆಸರು ಗೋತ್ರ ಬಿಟ್ಟು ಶಾಕ್ಯಪುತ್ರರ ಶ್ರಮಣರೆಂದೇ ಕರೆಸಿಕೊಳ್ಳುತ್ತಾರೆ ಎಂದು ತಥಾಗತರು ಹೇಳಿದ್ದಾರೆ.

ಇನ್ನು ಹೆಸರುಗಳು.

*ಸಿದ್ಧಾರ್ಥ* (ಪಾಲಿಯಲ್ಲಿ ಸಿದ್ಧತ್ಥ): ಗುರಿ ಸಾಧಿಸಿದವನು.

*ರಾಹುಲ*: ಬಂಧನ ಎಂಬ ಅರ್ಥ ಹೇಳುತ್ತಾರೆ. ಹಾಗೆಂದು ಹಿಂಜರಿಯಬೇಡಿ. ಬುದ್ಧರು ಪಾತ್ರೆಯಲ್ಲಿ ಉಳಿದ ತುಸು ನೀರನ್ನು ತೋರಿಸಿ, ಸುಳ್ಳಿಗೆ ನಾಚದವನಲ್ಲಿ ಶ್ರಮಣತ್ವ ಇಷ್ಟೇ ಇರುತ್ತದೆ ಎಂದು ಬೋಧಿಸಿದ್ದು ಇದೇ ಮಗನಿಗೆ. ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಬೋಧನೆಯನ್ನು ಭಿಕ್ಷುಗಳೂ ಉಪಾಸಕರೂ ಕೇಳಬೇಕೆಂದು ಅಶೋಕ ಚಕ್ರವರ್ತಿ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಬರೆಸಿದ್ದಾನೆ.

*ಆನಂದ*: ಸಂತೋಷ. ಸ್ತ್ರೀಯರಿಗೆ ಸಂಘದಲ್ಲಿ ಪ್ರವೇಶ ಸಿಗಲೆಂದು ಬುದ್ಧರ ಮುಂದೆ ವಾದಿಸಿದವರು.

*ಅಶೋಕ*: ಶೋಕವಿಲ್ಲದವನು. ಬಹುಪಾಲು ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂದಷ್ಟೇ ಇದೆ. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆ ರಾಜ ಯಾರೆಂಬುದು ಅದರಿಂದ ಗಟ್ಟಿಯಾಯಿತು. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅವನ ಶಿಲ್ಪವೂ ಅದರ ಜೊತೆಗೆ ಹೆಸರೂ ಇದೆ. ಇದು ನಮ್ಮ ನೆಲದ ಹೆಸರು.

*ಅಹಿಂಸಕ*: ಅಂಗುಲಿಮಾಲನ ಹುಟ್ಟುಹೆಸರು. ಕೊಲೆಗಾರನಾಗಿದ್ದಾಗ ಹೆಸರು ಸುಳ್ಳಾಗಿತ್ತು. ಭಿಕ್ಷುವಾದ ಮೇಲೆ ನಿಜವಾಯಿತು.

*ಉಪಾಲಿ*: ಶಾಕ್ಯರ ಕ್ಷೌರಿಕ. ನಮ್ಮ ಅಹಂಕಾರ ಇಳಿಯಲಿ, ಮೊದಲು ಇವನಿಗೆ ದೀಕ್ಷೆ ಕೊಡಿ, ನಾವು ಇವನಿಗೆ ನಮಸ್ಕರಿಸುತ್ತೇವೆ ಎಂದು ಶಾಕ್ಯ ಕುಮಾರರೇ ಕೇಳಿದರು. ಬುದ್ಧರ ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿದವರು ಈ ಉಪಾಲಿ. ಈ ಹೆಸರಿನ ತೂಕ ನಿಘಂಟಿನಲ್ಲಿಲ್ಲ, ಚರಿತ್ರೆಯಲ್ಲಿದೆ.

*ಸುನೀತ*: ಒಳ್ಳೆಯ ನಡತೆಯವನು. ನಾವು ಇದನ್ನು ಹೆಣ್ಣುಮಕ್ಕಳ ಹೆಸರೆಂದು ತಿಳಿದಿದ್ದೇವೆ. ಥೇರಗಾಥಾದ ಸುನೀತ ಬಾಡಿದ ಹೂ ಬಳಿದು ಎತ್ತಿಹಾಕುತ್ತಿದ್ದ ಗಂಡಸು. ಬುದ್ಧರು "ಬಾ ಭಿಕ್ಷು" ಎಂದರು. ಅದೇ ಅವನಿಗೆ ದೀಕ್ಷೆಯಾಯಿತು.

*ಸೋಪಾಕ*: ಇದೇ ನನ್ನನ್ನು ಹೆಚ್ಚು ಕಾಡುವ ಹೆಸರು. ಸಂಸ್ಕೃತದ ಶ್ವಪಾಕವೇ ಪಾಲಿಯಲ್ಲಿ ಸೋಪಾಕ. ನಾಯಿ ಬೇಯಿಸುವವನು ಎಂದರ್ಥ, ಅಸ್ಪೃಶ್ಯರಿಗೆ ಬಳಸುತ್ತಿದ್ದ ಬೈಗುಳ. ಏಳು ವರ್ಷದ ಆ ಬಾಲಕನಿಗೆ ಬುದ್ಧರು ದೀಕ್ಷೆ ಕೊಟ್ಟರು. ಆ ಹೆಸರಿನ ಹಿಂದೆ ಥೇರ ಎಂಬ ಗೌರವ ಸೇರಿತು. ಬೈಗುಳ ವಂದನೀಯವಾಯಿತು.

ಉಪಾಲಿ, ಸುನೀತ, ಸೋಪಾಕ ಈ ಮೂವರ ಕಥೆಯನ್ನೂ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಹೇಳಿದ್ದಾರೆ. ಮಕ್ಕಳಿಗೆ ಓದಿ ಹೇಳಿ.

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. 14 ವರ್ಷದ ಹಿಂದೆ ನನ್ನ ಮಗನಿಗೆ ಹೆಸರಿಡುವಾಗ ನಾನೂ ಯಾರಿಗೂ ಗೊತ್ತಾಗದ ಹೆಸರನ್ನೇ ಹುಡುಕಿದ್ದೆ. ಗೊತ್ತಾಗುವವರಿಗೆ ಗೊತ್ತಾಗಿಯೇ ಆಯಿತು. ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಸ್ಕಾಲರ್‌ಶಿಪ್ ಅರ್ಜಿ ನೋಡಿದರು. ಹೋದ ವರ್ಷ ಬಳಗದಲ್ಲಿ ಸುನೀತನ ಕಥೆ ಕೇಳಿ ಬಂದ ಮಗ, "ಅಪ್ಪಾ, ನನ್ನ ಹೆಸರಿಗೂ ಏನಾದರೂ ಕಥೆ ಇದೆಯಾ?" ಎಂದ. ನನ್ನ ಹತ್ತಿರ ಇದ್ದದ್ದು ನನ್ನ ಭಯದ ಕಥೆ ಒಂದೇ. ಅದನ್ನೇ ಹೇಳಿದೆ. ಅಜ್ಜನ ಹೆಸರಿನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಜ್ಜನ್ನ ಇನ್ಮೇಲೆ ಕರಿಯಪ್ಪ ಅನ್ನೋಣ" ಎಂದ. ಈಗ ಮನೆಯಲ್ಲಿ ಹಾಗೇ ಅನ್ನುತ್ತೇವೆ.

ಆದ್ದರಿಂದ ಆ ತಮ್ಮನಿಗೆ ನನ್ನ ಉತ್ತರ ಇಷ್ಟು. ಹೆಸರು ನಿಮ್ಮ ಇಷ್ಟ. ಯಾವ ಹೆಸರೂ ಮಗುವಿಗೆ ಪೂರ್ತಿ ರಕ್ಷಣೆ ಕೊಡಲಾರದು. ಆದರೆ ಮುಂದೊಂದು ದಿನ ಮಗ ಕೇಳಿದಾಗ ತಲೆಯೆತ್ತಿ ಹೇಳುವ ಕಥೆ ಅದಕ್ಕಿರಲಿ. ಮಿಕ್ಕದ್ದನ್ನು ಅವನ ನಡತೆ ನೋಡಿಕೊಳ್ಳುತ್ತದೆ, ಅಹಿಂಸಕನಿಗೆ ಆದಂತೆ.

*ಇಂದಿನ ಅಭ್ಯಾಸ:* ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಅವರ ಹೆಸರು ಹೇಗೆ ಬಂತೆಂದು ಹೇಳಿ. ನಿಮ್ಮ ಅಜ್ಜ ಅಜ್ಜಿಯರ ಹೆಸರನ್ನೂ ಹೇಳಿ. ಅವರಿಗೆ ಊರು ಕೊಡದ ಗೌರವವನ್ನು ಸೇರಿಸಿ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.