ಹಳೆಯ ಪಿಕಪ್ ಗಾಡಿಯನ್ನು ಬೇಸಾಯದ ಕೆಲಸಕ್ಕೆ ಸಜ್ಜುಗೊಳಿಸುವ ಕ್ರಮ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ವಾಸವಾಗಿದ್ದು, ಆನೇಕಲ್, ಕನಕಪುರ, ಮಾಗಡಿ, ದೊಡ್ಡಬಳ್ಳಾಪುರ ಮುಂತಾದ ಕಡೆಗಳಲ್ಲಿ ಎರಡು ಮೂರು ಎಕರೆ ಹೊಲವನ್ನು ಉಳಿಸಿಕೊಂಡಿರತಕ್ಕ ಕುಟುಂಬಗಳು ಉಂಟು. ಇಂಥವರಿಗೆ ಎತ್ತುಗಳನ್ನು ಕಟ್ಟಲು ಕೊಟ್ಟಿಗೆಯಿಲ್ಲ, ನೋಡಿಕೊಳ್ಳಲು ಆಳಿಲ್ಲ; ಟ್ರಾಕ್ಟರನ್ನು ಕೊಂಡರೆ ಅದಕ್ಕೆ ವರ್ಷವೆಲ್ಲ ಕೆಲಸ ಕೊಡುವಷ್ಟು ಭೂಮಿಯೂ ಇಲ್ಲ. ಆದಕಾರಣ ಅಗ್ಗದ ಬೆಲೆಗೆ ದೊರೆಯುವ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು, ರಿಪೇರಿ ಮಾಡಿಸಿ, ಉಳುಮೆ, ಗೊಬ್ಬರದ ಸಾಗಣೆ, ಹಿತ್ತಲ ಕೆಲಸ ಇವೆಲ್ಲವನ್ನೂ ಅದರಿಂದಲೇ ಸಾಗಿಸಬಹುದೇ ಎಂಬ ಯೋಚನೆ ಹುಟ್ಟುವುದು ಸಹಜ.

ಕೆಲವು ಕೆಲಸಗಳಿಗೆ ಇದು ಒಳ್ಳೆಯ ಉಪಾಯವೇ ಸರಿ. ಕೆಲವಕ್ಕೆ ಸರ್ವಥಾ ಆಗದು. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗದು ಎಂಬುದನ್ನು ಮೊದಲು ತಿಳಿಯದೆ ಹಣ ಹಾಕಿದವನಿಗೆ ಎರಡು ಬಗೆಯ ನಷ್ಟವುಂಟು. ಗಾಡಿ ಕೆಟ್ಟು ಹಣ ಹೋಗುವುದು ಒಂದು. ಮಳೆ ಬಿದ್ದು ಹೊಲ ಹದಕ್ಕೆ ಬಂದ ನಾಲ್ಕು ದಿನಗಳಲ್ಲೇ ಗಾಡಿ ನಿಂತು, ಆ ವರ್ಷದ ರಾಗಿಯ ಬಿತ್ತನೆ ತಪ್ಪುವುದು ಇನ್ನೊಂದು. ಮೊದಲನೆಯದನ್ನು ಮತ್ತೆ ಸಂಪಾದಿಸಬಹುದು. ಎರಡನೆಯದು ಆ ವರ್ಷಕ್ಕೆ ಬಾರದು.

ಹಿಂದಿನ ಪ್ರಯತ್ನಗಳು

ರಸ್ತೆಯ ಗಾಡಿಯಿಂದ ಉಳುಮೆ ಮಾಡಿಸುವ ಆಲೋಚನೆ ಹೊಸದಲ್ಲ. ಅಮೆರಿಕ ದೇಶದಲ್ಲಿ 1910ರ ದಶಕದಲ್ಲಿಯೇ ಫೋರ್ಡ್ ಮಾಡೆಲ್ ಟಿ ಮೋಟಾರು ಗಾಡಿಯನ್ನು ಟ್ರಾಕ್ಟರಾಗಿ ಮಾರ್ಪಡಿಸುವ ಸಾಮಗ್ರಿಗಳು ಮಾರಾಟಕ್ಕೆ ಬಂದಿದ್ದುವು. ಅವುಗಳನ್ನು ಮಾಡಿದವರು ಇಂಜಿನನ್ನು ಮುಟ್ಟಲಿಲ್ಲ. ಹಿಂದಿನ ಚಕ್ರಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ದೊಡ್ಡ ಕಬ್ಬಿಣದ ಚಕ್ರಗಳನ್ನೂ ವೇಗ ತಗ್ಗಿಸುವ ಹಲ್ಲುಗಾಲಿಗಳನ್ನೂ ಕೂಡಿಸಿದರು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ವಿಲ್ಲೀಸ್ ಕಂಪೆನಿಯವರು ಸೈನ್ಯದ ಜೀಪನ್ನು ನಾಗರಿಕರ ಉಪಯೋಗಕ್ಕೆ ತಿದ್ದಿ, ರೈತರ ಗಾಡಿಯೆಂದೂ ಪ್ರಚಾರ ಮಾಡಿದರು. ಭಾರತದಲ್ಲಿ ಮಹೀಂದ್ರ ಕಂಪೆನಿಯವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ಆದರೂ ಜೀಪು ಟ್ರಾಕ್ಟರಿನ ಸ್ಥಾನವನ್ನು ಪಡೆಯಲಿಲ್ಲ. ಅದರ ಕಾರಣವು ಮುಂದಿನ ಲೆಕ್ಕದಿಂದ ವ್ಯಕ್ತವಾಗುತ್ತದೆ.

ಎಳೆತದ ಲೆಕ್ಕ

20 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳದ ಒಂದು ಸಾಲನ್ನು ತೆಗೆದುಕೊಳ್ಳೋಣ. ಅಲ್ಲಿ ನೇಗಿಲು ಸೀಳಬೇಕಾದ ಮಣ್ಣಿನ ಮುಖ 240 ಚದರ ಸೆಂಟಿಮೀಟರ್. ಹದವಾಗಿರುವ ಕೆಂಪು ಮಣ್ಣಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಂ ಎಂದು ಹಿಡಿದರೆ 120 ಕಿಲೋಗ್ರಾಂ ಎಳೆತ ಬೇಕಾಗುತ್ತದೆ. ಒಟ್ಟು 800 ಕಿಲೋಗ್ರಾಂ ತೂಗುವ ಒಂದು ಜೊತೆ ಎತ್ತುಗಳು ದಣಿಯದೆ ಎಳೆಯುವುದು ತಮ್ಮ ತೂಕದ ಹತ್ತರಲ್ಲೊಂದು ಪಾಲು, ಅಂದರೆ 80 ಕಿಲೋಗ್ರಾಂ ಮಾತ್ರ. ಆದುದರಿಂದಲೇ ನಾಡ ನೇಗಿಲಿನ ಸಾಲು ಇದಕ್ಕಿಂತ ಕಿರಿದು. ಪಿಕಪ್ ಗಾಡಿಯ ಹಿಂಚಕ್ರಗಳ ಮೇಲೆ 700 ಕಿಲೋಗ್ರಾಂ ಭಾರವಿದ್ದು, ಸಡಿಲ ಮಣ್ಣಿನಲ್ಲಿ ಅದರ ಮೂರರಲ್ಲೊಂದು ಪಾಲು ಎಳೆತವಾಗಿ ದೊರೆತರೂ ಸುಮಾರು 230 ಕಿಲೋಗ್ರಾಂ ಆಗುತ್ತದೆ. ಹೀಗಿರುವಲ್ಲಿ ಶಕ್ತಿಗೆ ಕೊರತೆಯಿಲ್ಲ.

ಕೊರತೆಯಿರುವುದು ನಿಧಾನಕ್ಕೆ. ಉಳುಮೆಯು ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡಿಗೆಯಲ್ಲಿ ಆಗತಕ್ಕದ್ದು. ಇಂಜಿನು ಹದಿನಾರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುವಂತೆ ಮೊದಲನೆಯ ಗೇರು ಇದೆಯೆಂದೂ, ಚಕ್ರದ ಸುತ್ತಳತೆ 2.1 ಮೀಟರ್ ಎಂದೂ ಇಟ್ಟುಕೊಳ್ಳೋಣ. ಇಂಜಿನು ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುವಾಗ ಗಾಡಿ ಗಂಟೆಗೆ ಸುಮಾರು 12 ಕಿಲೋಮೀಟರ್ ಓಡುತ್ತದೆ. ಅದನ್ನು ಐದಕ್ಕೆ ಇಳಿಸಬೇಕಾದರೆ ಚಾಲಕನು ಕ್ಲಚ್ಚನ್ನು ಅರ್ಧ ಒತ್ತಿಯೇ ನಡೆಸಬೇಕು. ಹಾಗೆ ನಡೆಸಿದ ಕ್ಲಚ್ಚು ಒಂದು ಹೊಲ ಮುಗಿಯುವುದರೊಳಗೆ ಸುಟ್ಟು ವಾಸನೆ ಬರುತ್ತದೆ. ಜೀಪಿನಂತೆ ನಾಲ್ಕು ಚಕ್ರಗಳಿಗೂ ಎಳೆತವಿದ್ದು, ವೇಗವನ್ನು ಇನ್ನೂ ಎರಡೂವರೆ ಪಟ್ಟು ತಗ್ಗಿಸುವ ಲೋ ಗೇರು ಇರುವ ಗಾಡಿಯಾದರೆ, ಅದೇ ಲೆಕ್ಕದಲ್ಲಿ ಗಂಟೆಗೆ 5 ಕಿಲೋಮೀಟರಿಗಿಂತ ಸ್ವಲ್ಪ ಕಡಮೆಯೇ ಬರುತ್ತದೆ.

ಇದರಿಂದ ಸಿದ್ಧವಾಗುವ ನಿಯಮವಿಷ್ಟು: ಹಿಂಚಕ್ರಗಳಿಗೆ ಮಾತ್ರ ಎಳೆತವಿರುವ ಸಾಧಾರಣ ಪಿಕಪ್ಪು ಸಾಗಣೆಗೂ, ಉತ್ತ ನೆಲದ ಮೇಲೆ ಹಗುರವಾದ ಹಲಗೆ ಎಳೆಯುವುದಕ್ಕೂ ತಕ್ಕುದು, ನೇಗಿಲಿಗೆ ತಕ್ಕುದಲ್ಲ. ಲೋ ಗೇರು ಇರುವ ಜೀಪಿನ ಜಾತಿಯ ಪಿಕಪ್ಪು ಒಂದು ಸಣ್ಣ ನೇಗಿಲನ್ನೂ ಹಗುರವಾದ ಹಲುಬೆಯನ್ನೂ ಎಳೆಯಬಲ್ಲುದು. ಮಾಗಿಯ ಆಳವಾದ ಉಳುಮೆಗೆ ಎರಡೂ ಸಲ್ಲವು. ಆ ಕೆಲಸಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಟ್ರಾಕ್ಟರನ್ನು ಬಾಡಿಗೆಗೆ ತರಿಸುವುದೇ ಲಾಭಕರ.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆ

ಬಣ್ಣವನ್ನು ನೋಡಿ ಗಾಡಿಯನ್ನು ಕೊಳ್ಳಬಾರದು. ತಿಳಿದ ಮೆಕ್ಯಾನಿಕ್ಕನೊಬ್ಬನನ್ನು ಜೊತೆಗೆ ಕರೆದುಕೊಂಡು, ಬೆಳಗಿನ ಹೊತ್ತು ಇಂಜಿನು ತಣ್ಣಗಿರುವಾಗಲೇ ಹೋಗಿ ಈ ಕೆಳಗಿನವನ್ನು ಪರೀಕ್ಷಿಸತಕ್ಕದ್ದು.

1. ಚಾಸಿ: ಗಾಡಿಯ ಕೆಳಗೆ ಮಲಗಿ, ಕಮಾನು ಪಟ್ಟೆಗಳು ಕೂಡುವ ಸ್ಥಳಗಳಲ್ಲಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹ ಖಣಿಲೆನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ನುಡಿದು ಪದರ ಉದುರಿಸುತ್ತದೆ. ಚಾಸಿ ಬಿರುಕು ಬಿಟ್ಟಿರುವ ಗಾಡಿಯನ್ನು ಎಷ್ಟು ಅಗ್ಗವಾದರೂ ಬಿಡತಕ್ಕದ್ದು. ಇಂಜಿನನ್ನು ಬದಲಾಯಿಸಬಹುದು, ಚಾಸಿ ಹೋದರೆ ಗಾಡಿಯೇ ಹೋದಂತೆ.

2. ಹೊಗೆ: ಡೀಸೆಲ್ ಇಂಜಿನು ಬಿಸಿಯಾದ ಮೇಲೂ ನೀಲಿ ಹೊಗೆ ಬಿಡುತ್ತಿದ್ದರೆ ಇಂಜಿನ್ ಆಯಿಲು ಉರಿಯುತ್ತಿದೆಯೆಂದೂ, ಕಪ್ಪು ಹೊಗೆಯಾದರೆ ಗಾಳಿ ಸಾಲದೆಂದೋ ಡೀಸೆಲ್ ಹೆಚ್ಚಾಗಿ ಬೀಳುತ್ತಿದೆಯೆಂದೋ ತಿಳಿಯಬೇಕು. ಕಪ್ಪು ಹೊಗೆಯನ್ನು ಸ್ವಲ್ಪ ಖರ್ಚಿನಲ್ಲಿ ಸರಿಪಡಿಸಬಹುದು; ನೀಲಿ ಹೊಗೆಯಾದರೆ ಇಂಜಿನನ್ನು ಬಿಚ್ಚಬೇಕಾಗುವುದು.

3. ನೀರು, ಆಯಿಲು: ಅಳತೆಯ ಕಡ್ಡಿಯಲ್ಲಿ ಬರುವ ಆಯಿಲು ಹಾಲು ಬೆರೆಸಿದ ಕಾಫಿಯಂತಿದ್ದರೆ, ಅಥವಾ ರೇಡಿಯೇಟರಿನ ನೀರಿನ ಮೇಲೆ ಜಿಡ್ಡು ತೇಲುತ್ತಿದ್ದರೆ, ಒಂದರೊಳಗೆ ಒಂದು ಸೇರುತ್ತಿದೆಯೆಂದು ಅರ್ಥ.

4. ಕ್ಲಚ್ಚು: ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಮಟ್ಟಸವಾದ ಬಯಲಿನಲ್ಲಿ ಕೈಬ್ರೇಕನ್ನು ಬಿಗಿಯಾಗಿ ಎಳೆದು, ಮೂರನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಇಂಜಿನು ಕೂಡಲೇ ನಿಂತರೆ ಕ್ಲಚ್ಚು ಸರಿಯಾಗಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಸವೆದಿದೆ.

5. ಬ್ರೇಕು: ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರು ಸೋರುತ್ತಿದೆ, ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿದೆ.

ಇವುಗಳ ಜೊತೆಗೆ, ನೋಂದಣಿ ಪತ್ರದಲ್ಲಿರುವ ಇಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಗಾಡಿಯ ಮೇಲಿರುವುವುಗಳೊಡನೆ ತಾಳೆಯಾಗುವುವೇ ಎಂಬುದನ್ನೂ, ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂಬುದನ್ನೂ ಮುಂಗಡ ಕೊಡುವುದಕ್ಕೆ ಮೊದಲೇ ನೋಡತಕ್ಕದ್ದು. ಸರಕು ಗಾಡಿಗೆ ಊರ್ಜಿತವಾದ ಅರ್ಹತಾ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರಗಳಿರಬೇಕು. ಕೊಂಡವನು 30 ದಿನಗಳೊಳಗಾಗಿ ಸಾರಿಗೆ ಕಚೇರಿಗೆ ತಿಳಿಸಿ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು.

ರಿಪೇರಿಯ ಕ್ರಮ

ಕೈಯಲ್ಲಿರುವ ಹಣವನ್ನು ಮೊದಲೇ ಮೂರು ಪಾಲು ಮಾಡಿಟ್ಟುಕೊಳ್ಳುವುದು ಜಾಣತನ. ಒಂದು ಪಾಲು ಗಾಡಿಯ ಬೆಲೆಗೆ, ಒಂದು ಪಾಲು ರಿಪೇರಿಗೆ, ಒಂದು ಪಾಲು ಮೊದಲ ವರ್ಷ ತಾನಾಗಿ ಬರುವ ಕೆಡುಕಿಗೆ. ಗಾಡಿಯ ಬೆಲೆಯೇ ಎಲ್ಲ ಹಣವನ್ನೂ ನುಂಗುವಂತಿದ್ದರೆ ಅದು ಅಗ್ಗದ ಗಾಡಿಯಲ್ಲ.

ರಿಪೇರಿಯಲ್ಲಿ ಮೊದಲು ಬ್ರೇಕು ಮತ್ತು ಸ್ಟಿಯರಿಂಗು, ಅನಂತರ ರೇಡಿಯೇಟರು, ಆಮೇಲೆ ಕ್ಲಚ್ಚು, ತರುವಾಯ ಟೈರು, ಕಡೆಯಲ್ಲಿ, ಹಣ ಉಳಿದರೆ, ಬಣ್ಣ. ರೇಡಿಯೇಟರನ್ನು ಇಷ್ಟು ಮೇಲಕ್ಕೆ ಹೇಳಲು ಕಾರಣವಿದೆ. ರಸ್ತೆಯಲ್ಲಿ ಓಡುವಾಗ ಎದುರು ಗಾಳಿಯೇ ಇಂಜಿನನ್ನು ತಣಿಸುತ್ತದೆ. ಹೊಲದಲ್ಲಿ ಆಮೆಯಂತೆ ನಡೆಯುವಾಗ ಆ ಗಾಳಿಯಿಲ್ಲ. ಫ್ಯಾನಿನ ಗಾಳಿಯೊಂದೇ ಆಧಾರ. ಆದುದರಿಂದ ರೇಡಿಯೇಟರಿನ ಒಳಗಿನ ಕಿಲುಬನ್ನು ತೆಗೆಸಿ, ಹೊರಗಿನ ರೆಕ್ಕೆಗಳ ಧೂಳನ್ನು ಹಿಂದಿನಿಂದ ಮುಂದಕ್ಕೆ ಗಾಳಿ ಹಾಯಿಸಿ ಬಿಡಿಸಿ, ಫ್ಯಾನಿನ ಬೆಲ್ಟನ್ನು ಹೊಸದಾಗಿ ಹಾಕಿಸಬೇಕು. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಗಾಳಿಯ ಫಿಲ್ಟರನ್ನು ಹೊಲದ ಕೆಲಸವಿರುವ ದಿನಗಳಲ್ಲಿ ಪ್ರತಿದಿನವೂ ನೋಡತಕ್ಕದ್ದು. ಕೆಂಪು ಮಣ್ಣಿನ ಧೂಳು ಇಂಜಿನಿಗೆ ಸಾಣೆಯ ಪುಡಿಯಿದ್ದಂತೆ.

ಈ ಕೆಲಸಗಳಿಗೆ ಹಳೆಯ ಬೆಂಗಳೂರಿನಷ್ಟು ಅನುಕೂಲವಾದ ಸ್ಥಳ ವಿರಳ. ಚಾಮರಾಜಪೇಟೆಯ ಪಕ್ಕದ ಕಲಾಸಿಪಾಳ್ಯ ಮತ್ತು ಜಯಚಾಮರಾಜೇಂದ್ರ ರಸ್ತೆಯ ಸುತ್ತಮುತ್ತ ಮೋಟಾರು ಬಿಡಿಭಾಗಗಳ ಅಂಗಡಿಗಳು ಒತ್ತಾಗಿವೆ. ಅಲ್ಲಿಗೆ ಹೋಗುವವನು ಬಾಯಿಮಾತಿನಲ್ಲಿ ಕೇಳದೆ, ಬಿಚ್ಚಿದ ಹಳೆಯ ಭಾಗವನ್ನೇ ಮಾದರಿಯಾಗಿ ಒಯ್ಯಬೇಕು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯ ಭಾಗಗಳಿರುವುದುಂಟು. ಬಾಗಿಲು, ಬಂಪರು, ಕಮಾನು ಪಟ್ಟೆಗಳನ್ನು ಗುಜರಿಯಿಂದ ಕೊಳ್ಳಬಹುದು. ಬ್ರೇಕಿನ ರಬ್ಬರು, ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಕೀಲುಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳತಕ್ಕದ್ದು.

ಎಳೆಯುವ ಕೊಂಡಿ

ಸಾಮಾನು ಎಳೆಯುವ ಕೊಂಡಿಯನ್ನು ಬಂಪರಿಗೆ ಸಿಕ್ಕಿಸಬಾರದು. ಚಾಸಿಯ ಎರಡು ಉದ್ದ ತೊಲೆಗಳಿಗೂ ಸೇರುವಂತೆ ದಪ್ಪ ಕಬ್ಬಿಣದ ಅಡ್ಡಪಟ್ಟಿಯನ್ನು ಬೋಲ್ಟುಗಳಿಂದ ಬಿಗಿದು, ಅದರ ನಡುವೆ ಕೊಂಡಿಯನ್ನು ಕೂಡಿಸಬೇಕು. ಕೊಂಡಿಯು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಮೇಲಿದ್ದರೆ, ನೇಗಿಲು ಬೇರಿಗೋ ಬಂಡೆಗೋ ತಗುಲಿದಾಗ ಗಾಡಿಯ ಮುಂಭಾಗ ಹಗುರವಾಗಿ ಸ್ಟಿಯರಿಂಗು ಹಿಡಿತ ತಪ್ಪುವುದು. ನೈಲಾನ್ ಹಗ್ಗವನ್ನು ಉಪಯೋಗಿಸಬಾರದು. ಅದು ಹಿಗ್ಗಿ ಹಿಗ್ಗಿ ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಗಾಡಿಯ ರಚನೆಯನ್ನು ನೋಂದಣಿ ಪತ್ರದಲ್ಲಿರುವುದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆ ಅವಕಾಶ ಕೊಡುವುದಿಲ್ಲ. ಆದಕಾರಣ ಕೊಂಡಿಯನ್ನು ಕೂಡಿಸುವುದಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಹೊಲದಲ್ಲಿ

ಎತ್ತಿನ ನೇಗಿಲನ್ನು ಗಾಡಿಗೆ ಕಟ್ಟಿ, ಹಿಂದೆ ಒಬ್ಬ ಆಳು ಮೇಳಿ ಹಿಡಿದು ನಡೆಯುವುದು ಪ್ರಾಣಾಪಾಯಕರ. ಎತ್ತು ತಡೆ ಕಂಡರೆ ನಿಲ್ಲುತ್ತದೆ, ಇಂಜಿನು ನಿಲ್ಲುವುದಿಲ್ಲ. ತನ್ನದೇ ಚಕ್ರಗಳ ಮೇಲೆ ಹರಿಯುವ, ಆಳವನ್ನು ಮೊದಲೇ ನಿಲ್ಲಿಸಿಡಬಹುದಾದ ಉಪಕರಣವನ್ನೇ ಕಟ್ಟತಕ್ಕದ್ದು. ಹಿಂಚಕ್ರಗಳು ಜಾರಿದರೆ ಮರಳಿನ ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಇಟ್ಟು ಕದಲದಂತೆ ಕಟ್ಟಬಹುದು. ಈ ತೂಕವೂ ಗಾಡಿಗೆ ಹೇಳಿದ ಭಾರದ ಮಿತಿಯೊಳಗೇ ಇರಬೇಕು. ನಾಲ್ಕು ಚಕ್ರಗಳ ಎಳೆತವನ್ನು ಹೊಲದಲ್ಲಿ ಮಾತ್ರ ಹಾಕಿ, ಗಟ್ಟಿ ರಸ್ತೆಗೆ ಬಂದೊಡನೆ ಬಿಡಿಸಬೇಕು.

ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯ ಮಟ್ಟದಿಂದ ಬಿಟ್ಟರೆ ಅದು ಪುಡಿಯಾಗಬೇಕು. ಉಂಡೆ ಉಂಡೆಯಾಗಿಯೇ ಉಳಿದರೆ ಆ ದಿನ ಗಾಡಿಯನ್ನು ಹೊಲಕ್ಕೆ ಇಳಿಸಬಾರದು. ಒದ್ದೆ ಕೆಂಪು ಮಣ್ಣನ್ನು ಭಾರವಾದ ಚಕ್ರಗಳು ತುಳಿದರೆ ಅದು ಒಣಗಿ ಗಟ್ಟಿ ಪದರವಾಗುವುದು; ರಾಗಿಯ ಬೇರು ಅದನ್ನು ಭೇದಿಸಲಾರದು.

ಹಿತ್ತಲ ಕೆಲಸ ಮತ್ತು ಸಾಗಣೆ

ಹಳೆಯ ಪಿಕಪ್ಪು ತನ್ನ ಬೆಲೆಯನ್ನು ತೀರಿಸುವುದು ಮುಖ್ಯವಾಗಿ ಇಲ್ಲಿ. ಗಾಡಿಯ ತೊಟ್ಟಿ 2.2 ಮೀಟರ್ ಉದ್ದ, 1.5 ಮೀಟರ್ ಅಗಲ, 0.4 ಮೀಟರ್ ಎತ್ತರವಿದ್ದರೆ ಅದರಲ್ಲಿ ಸುಮಾರು 1.3 ಘನಮೀಟರ್ ಹಿಡಿಯುತ್ತದೆ. ಕೊಟ್ಟಿಗೆಯ ಗೊಬ್ಬರವು ಘನಮೀಟರಿಗೆ ಸುಮಾರು 600 ಕಿಲೋಗ್ರಾಂ ಎಂದರೆ ತೊಟ್ಟಿ ತುಂಬ 800 ಕಿಲೋಗ್ರಾಂ. ಅದೇ ತೊಟ್ಟಿಗೆ ಮಣ್ಣನ್ನು ತುಂಬಿದರೆ, ಘನಮೀಟರಿಗೆ 1500 ಕಿಲೋಗ್ರಾಮಿನಂತೆ, ಎರಡು ಟನ್ನು! ಕಣ್ಣಿಗೆ ಎರಡೂ ಒಂದೇ ತೊಟ್ಟಿ. ಕಮಾನು ಪಟ್ಟೆಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮಣ್ಣನ್ನು ಅರ್ಧ ತೊಟ್ಟಿಗಿಂತಲೂ ಕಡಮೆಯಾಗಿಯೇ ತುಂಬತಕ್ಕದ್ದು.

ಮಲ್ಲೇಶ್ವರ, ಬಸವನಗುಡಿಗಳ ಮರಗಳಿಂದ ಉದುರುವ ತರಗೆಲೆಯನ್ನು ಬೀದಿಯ ಮೂಲೆಯಲ್ಲಿ ಸುಡುವುದಕ್ಕೆ ಬದಲಾಗಿ ಗೋಣಿಗಳಲ್ಲಿ ತುಂಬಿ ಹೊಲಕ್ಕೆ ಸಾಗಿಸಿದರೆ, ಗುಂಡಿಯಲ್ಲಿ ಸಗಣಿಯೊಡನೆ ಕೊಳೆತು ಒಳ್ಳೆಯ ಎಲೆಗೊಬ್ಬರವಾಗುತ್ತದೆ. ಹೋಗುವಾಗ ತರಗೆಲೆ, ಬರುವಾಗ ರಾಗಿ, ತೆಂಗು, ತರಕಾರಿ ಎಂಬಂತೆ ಎರಡು ಕಡೆಯೂ ಹೊರೆಯಿದ್ದರೆ ಡೀಸೆಲಿನ ಖರ್ಚು ಅರ್ಧಕ್ಕೆ ಇಳಿದಂತೆ. ಸರಕಿನ ತೊಟ್ಟಿಯಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧ. ಮಗುಚಿದರೆ ಒಂದು ಮನೆಯಲ್ಲ, ಹತ್ತು ಮನೆಗಳು ಕೆಡುವುವು.

ಹಿತ್ತಲಿನ ಮರದ ಬುಡವನ್ನು ಕೀಳಬೇಕಾದಲ್ಲಿ ಸುತ್ತ ಅಗೆದು, ಪಕ್ಕದ ಬೇರುಗಳನ್ನು ಕಡಿದು, ಆಮೇಲೆ ಸರಪಳಿ ಹಾಕಿ ಲೋ ಗೇರಿನಲ್ಲಿ ಮೆಲ್ಲಗೆ ಎಳೆಯಬೇಕು. ಸರಪಳಿಯನ್ನು ಸಡಿಲ ಬಿಟ್ಟು ಓಡಿಸಿ ಜಗ್ಗಿದರೆ ಬುಡ ಬರುವುದಕ್ಕೆ ಮೊದಲು ಗಾಡಿಯ ಗೇರು ಮುರಿಯುವುದು. ಎಳೆಯುವ ಸಮಯದಲ್ಲಿ ಸರಪಳಿಯ ಎರಡು ಪಟ್ಟು ದೂರದೊಳಗೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ನಿಲ್ಲಗೊಡಬಾರದು.

ಸಾರಾಂಶ

ಹಳೆಯ ಗಾಡಿ ಟ್ರಾಕ್ಟರಲ್ಲವೆಂಬುದನ್ನು ಒಪ್ಪಿಕೊಂಡು, ಹೊರೆ ಹೊರುವುದಕ್ಕೂ ಹಗುರವಾದ ಎಳೆತಕ್ಕೂ ಅದನ್ನು ಇಟ್ಟುಕೊಂಡು, ಆಳವಾದ ಉಳುಮೆಯನ್ನು ಬಾಡಿಗೆಯ ಯಂತ್ರಕ್ಕೆ ಬಿಟ್ಟವನಿಗೆ ಈ ಉಪಾಯದಿಂದ ಲಾಭವುಂಟು. ರಾಗಿಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ಆದುದರಿಂದ ಗಾಡಿಯ ರಿಪೇರಿಯನ್ನು ಬೇಸಗೆಯಲ್ಲಿಯೇ ಮುಗಿಸಿ, ಮುಂಗಾರಿಗೆ ಮುಂಚಿತವಾಗಿ ಒಂದು ದಿನ ಹೊಲದಲ್ಲಿ ನಡೆಸಿ ನೋಡಿ, ಬಾಡಿಗೆಯ ಟ್ರಾಕ್ಟರಿಗೂ ಮುಂಚೆಯೇ ಹೆಸರು ಕೊಟ್ಟಿರತಕ್ಕದ್ದು.