ದಿನದ ಧಮ್ಮ ಚಿಂತನೆ: ಪಂಜರದ ಹಕ್ಕಿ ಮತ್ತು ಸಮ್ಮಾ ಆಜೀವ



ಕಳೆದ ಭಾನುವಾರ ಸಮ್ಮಾ ಆಜೀವದ ಪಾಠ ಮುಗಿದ ಮೇಲೆ ನಮ್ಮ ಬಂಧುವೊಬ್ಬರು ಹಿಂದೆ ಉಳಿದರು. ಅವರು ಮನೆಯ ಮಾಳಿಗೆಯ ಮೇಲೆ ಸನ್ ಕೊನ್ಯೂರ್ ಗಿಳಿಗಳನ್ನು ಸಾಕಿ, ಮರಿ ಮಾಡಿಸಿ ಮಾರುತ್ತಾರೆ. ಮಗಳ ಕಾಲೇಜು ಫೀಸು ಅದರಿಂದಲೇ. "ಮೇಡಂ, ನಾನು ಒಂದು ಹಕ್ಕಿಯನ್ನೂ ಕೊಂದವನಲ್ಲ. ಸರ್ಕಾರ ಒಂದು ಲೆಕ್ಕ ಕೇಳುತ್ತದೆ, ಧಮ್ಮ ಇನ್ನೊಂದು ಕೇಳುತ್ತದೆ. ನನ್ನದು ತಪ್ಪಾ?" ಎಂದರು. ಅಂದು ಉತ್ತರ ಹೊಳೆಯಲಿಲ್ಲ. ಈ ವಾರ ಓದಿ ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

*ಕಾನೂನಿನ ಲೆಕ್ಕ*

ನಮ್ಮ ನಾಡಿನ ಹಸಿರು ಗಿಳಿ, ಬೆಟ್ಟದ ಮೈನಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿಯುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಕ್ಕಿಗಳೂ ಕಾಯ್ದೆಯ 4ನೇ ಅನುಸೂಚಿಗೆ ಬಂದವು. ಸನ್ ಕೊನ್ಯೂರ್, ಮಕಾವ್, ಕಾಕಟೂ ಅದರಲ್ಲಿವೆ. 2024ರ ನಿಯಮಗಳಂತೆ ಇವನ್ನು ಸಾಕಿದವರು ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಹಕ್ಕಿ ಸತ್ತರೆ, ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು. ಆಫ್ರಿಕನ್ ಗ್ರೇಯಂಥ ಮೊದಲ ಅನುಬಂಧದ ಹಕ್ಕಿಯ ಮರಿ ಮಾಡಿಸಲು ಪರವಾನಗಿಯೇ ಬೇಕು. ಬಜರಿಗರ್, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಆದರೆ ಯಾವ ಹಕ್ಕಿಯನ್ನಾದರೂ ಮೈಯಾಡಿಸಲು ಜಾಗವಿಲ್ಲದ ಪಂಜರದಲ್ಲಿಟ್ಟರೆ 1960ರ ಕಾಯ್ದೆಯ ಪ್ರಕಾರ ಅದು ಕ್ರೌರ್ಯ.

ನಾಲ್ಕಾರು ಜೋಡಿ ಸಾಕುವವರಿಗೆ ಇದು ಹೊರೆ ಅನ್ನಿಸುವುದು ಸಹಜ. ಆದರೆ ಲೆಕ್ಕವೇ ಇಲ್ಲದಿದ್ದರೆ ಕಾಡಿನಿಂದ ಕದ್ದು ತಂದ ಹಕ್ಕಿ ಯಾವುದು, ಮನೆಯಲ್ಲಿ ಹುಟ್ಟಿದ್ದು ಯಾವುದು ಎಂದು ಹೇಳುವವರಾರು?

*ಧಮ್ಮದ ಲೆಕ್ಕ*

ಅಂಗುತ್ತರ ನಿಕಾಯದ ವಣಿಜ್ಜಾ ಸುತ್ತದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಿವೆ: ಆಯುಧ, ಸತ್ತ, ಮಾಂಸ, ಮದ್ಯ, ವಿಷ. ಇಲ್ಲಿ 'ಸತ್ತ' ಎಂದರೆ ಮನುಷ್ಯರ ಮಾರಾಟ ಎಂದು ಅಟ್ಠಕಥೆ ಅರ್ಥ ಹೇಳುತ್ತದೆ. ಆದ್ದರಿಂದ ಬಂಧುವನ್ನು ದೋಷಿ ಎನ್ನಲು ನನಗೆ ಅಧಿಕಾರವಿಲ್ಲ. ಆದರೆ ಪಾಲಿಯಲ್ಲಿ ಆ ಪದ ಎಲ್ಲ ಜೀವಿಗಳಿಗೂ ಸಲ್ಲುತ್ತದೆ. ಮೆತ್ತಾ ಭಾವನೆಯಲ್ಲಿ ನಾವು ಸುಖ ಕೋರುವುದೂ ಅದೇ 'ಸತ್ತ'ರಿಗೆ.

ಅಶೋಕನ 5ನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಆರಂಭವಾಗುವುದೇ ಗಿಳಿ, ಗೊರವಂಕಗಳಿಂದ. ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿ ಶಾಸನವೂ ಜೀವದಯೆಯನ್ನು ಹೇಳುತ್ತದೆ. ಕರುಣೆ ಎಲ್ಲರಲ್ಲೂ ತಾನಾಗಿ ಹುಟ್ಟುವಂತಿದ್ದರೆ ಬಂಡೆಯ ಮೇಲೆ ಕೆತ್ತಿಸಬೇಕಿರಲಿಲ್ಲ.

ನನ್ನ ಅಜ್ಜಿಯೂ ಗಿಳಿ ಸಾಕಿದ್ದರು. ರೆಕ್ಕೆ ಕತ್ತರಿಸಿದ್ದರು. ದಿನವೂ ಹಸಿಮೆಣಸಿನಕಾಯಿ ಕೊಡುತ್ತಿದ್ದವಳು ನಾನೇ. ಮನೆಮಂದಿಗೆಲ್ಲ ಅದರ ಮೇಲೆ ಪ್ರೀತಿ. ಅದು ಹಾರಬೇಕಾದ ಜೀವ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

*ಬಂಧುವಿಗೆ ನಾನು ಹೇಳಿದ್ದು*

ಆವೇಶದಲ್ಲಿ ಪಂಜರದ ಬಾಗಿಲು ತೆರೆಯಬೇಡಿ. ಅಲ್ಲೇ ಹುಟ್ಟಿದ ಹಕ್ಕಿ ಹೊರಗೆ ಬದುಕುವುದು ಕಷ್ಟ. ನೋಂದಣಿ ಬಾಕಿಯಿದ್ದರೆ ಮುಚ್ಚಿಡದೆ ಅರಣ್ಯ ಇಲಾಖೆಗೆ ಹೋಗಿ ವಿಚಾರಿಸಿ. ಹಾರಾಡುವಷ್ಟು ದೊಡ್ಡ ಗೂಡು ಕಟ್ಟಿ. ಹೊಸ ಜೋಡಿ ತರಬೇಡಿ. ಮಗಳ ಓದು ಮುಗಿಯುವ ಹೊತ್ತಿಗೆ ಬೇರೆ ದಾರಿ ಹುಡುಕೋಣ, ನಾವೆಲ್ಲ ಜೊತೆಗಿದ್ದೇವೆ.

ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

*ಇಂದಿನ ಅಭ್ಯಾಸ:* ಐದು ನಿಮಿಷ ಮೌನವಾಗಿ ಕುಳಿತು ಕೇಳಿಕೊಳ್ಳೋಣ. ನನ್ನ ಅನ್ನಕ್ಕಾಗಿ ಯಾವ ಜೀವ ಇಕ್ಕಟ್ಟಿನಲ್ಲಿದೆ? ಅದಕ್ಕೆ ಇವತ್ತು ಒಂದು ಗೇಣು ಜಾಗ ಹೆಚ್ಚು ಕೊಡಬಲ್ಲೆನೇ?

ಸಾಧು, ಸಾಧು, ಸಾಧು 🙏