ಪ್ಯಾಕೆಟ್ ಒಡೆಯುವ ಮುನ್ನ ಸ್ವಲ್ಪ ಯೋಚಿಸೋಣ



ಒಂದು ಸಂಘದ ಸಭೆಗೆ ಸದಸ್ಯೆಯೊಬ್ಬರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. "ಏನಾಯ್ತಕ್ಕಾ?" ಎಂದು ಕೇಳಿದೆವು. "ಮಸಾಲೆ ಪ್ಯಾಕೆಟ್ ಹರೀಲಿಲ್ಲ ಸಿಸ್ಟರ್. ಹಲ್ಲಲ್ಲಿ ಕಚ್ಚಿದೆ, ಆಗ್ಲಿಲ್ಲ. ಚಾಕು ಹಾಕಿದೆ, ಜಾರಿತು" ಅಂದರು. ಎಲ್ಲರೂ ನಕ್ಕರು. ಆದರೆ ಅವರಿಗೆ ಎರಡು ದಿನದ ಕೂಲಿ ತಪ್ಪಿತ್ತು. ಅಂದು ನಾವು ಇದನ್ನೇ ಪಾಠವಾಗಿ ತೆಗೆದುಕೊಂಡೆವು.

ಲೆಕ್ಕ ಹಾಕಿ ನೋಡೋಣ

ಒಂದು ಮನೆಯಲ್ಲಿ ದಿನಕ್ಕೆ 3 ಖಾಲಿ ಪ್ಯಾಕೆಟ್ ಎಂದುಕೊಳ್ಳಿ. 20 ಸದಸ್ಯೆಯರ ಸಂಘದಲ್ಲಿ ದಿನಕ್ಕೆ 60, ತಿಂಗಳಿಗೆ 1,800! ಇವೆಲ್ಲ ಎಲ್ಲಿಗೆ ಹೋಗುತ್ತವೆ? ಚರಂಡಿಗೆ, ಹಸುವಿನ ಹೊಟ್ಟೆಗೆ, ಇಲ್ಲವೇ ಬಚ್ಚಲ ಒಲೆಗೆ. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಒಲೆ ಮುಂದೆ ಕೂರುವವರು ನಾವೇ, ನಮ್ಮ ಮಕ್ಕಳೇ ಅಲ್ಲವೇ?

ಹಾಲಿನ ಪ್ಯಾಕೆಟ್ಟನ್ನು ಗುಜರಿಯವರು ತೆಗೆದುಕೊಳ್ಳುತ್ತಾರೆ. ಆದರೆ ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಶಾಂಪೂ ಪ್ಯಾಕೆಟ್‌ಗಳು ಸಾಮಾನ್ಯವಾಗಿ ಅವರಿಗೂ ಬೇಡ. ಹಲವು ಪದರಗಳನ್ನು ಅಂಟಿಸಿ ಮಾಡಿದ್ದರಿಂದ ಅವನ್ನು ಬೇರ್ಪಡಿಸುವುದು ಕಷ್ಟ.

ಕಾನೂನು ಏನು ಹೇಳುತ್ತದೆ?

2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಂತೆ ಗುಟ್ಕಾ, ತಂಬಾಕು, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಮಾರುವಂತಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಲೋಟ, ತಟ್ಟೆ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧವಿದೆ. ಉಳಿದ ಪ್ಯಾಕೆಟ್‌ಗಳಿಗೆ ನಿಷೇಧವಿಲ್ಲ, ಆದರೆ ಆ ಕಸದ ಹೊಣೆ ತಯಾರಿಸಿದ ಕಂಪನಿಗೂ ಇದೆ. ಪ್ಯಾಕೆಟ್ ಮೇಲೆ ಬೆಲೆ, ತೂಕದ ಜೊತೆ ದೂರು ಹೇಳಲು ಫೋನ್ ನಂಬರನ್ನೂ ಅವರು ಹಾಕಲೇಬೇಕು.

ನಾವೇನು ಮಾಡಬಹುದು?

1. ಒಟ್ಟಾಗಿ ಕೊಳ್ಳೋಣ. ದಿನಗೂಲಿಯವರು ಚಿಕ್ಕ ಪ್ಯಾಕೆಟ್ ತರುವುದು ದುಡ್ಡಿಲ್ಲದೆ, ಅದು ತಪ್ಪಲ್ಲ. ಬೇಳೆ, ಎಣ್ಣೆ, ಸೋಪಿನ ಪುಡಿಯನ್ನು ಸಂಘವೇ ಸಗಟಾಗಿ ತಂದರೆ ಡಬ್ಬಿಯಲ್ಲಿ ಹಂಚಿಕೊಳ್ಳಬಹುದು.

2. ದೊಡ್ಡದು ಯಾವಾಗಲೂ ಅಗ್ಗವೆಂದು ನಂಬಬೇಡಿ. 20 ಗ್ರಾಂ ಪುಡಿಗೆ 10 ರೂ. ಆದರೆ ಕಿಲೋಗೆ 500 ರೂ. ಆಯಿತು. ಹೀಗೆ ಎರಡನ್ನೂ ಹೋಲಿಸಿ ಕೊಳ್ಳಿ.

3. ಪ್ಯಾಕೆಟ್ ಹರಿಯಲು ಹಲ್ಲು ಬೇಡ. ಅಡುಗೆಮನೆಯಲ್ಲಿ ಒಂದು ಕತ್ತರಿ ನೇತುಹಾಕಿ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್‌ಗೇ ಅಂಟಿಕೊಂಡಿರುವಂತೆ ಬಿಡಿ. ಆ ಸಣ್ಣ ಚೂರನ್ನು ಆರಿಸುವವರು ಯಾರೂ ಇಲ್ಲ.

4. ತೆರೆಯಲಾಗದ ಪ್ಯಾಕೆಟ್ ಬಗ್ಗೆ ಕಂಪನಿಗೆ ಫೋನ್ ಮಾಡಿ ಹೇಳಿ. ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ.

5. ನಾವೂ ತಯಾರಕರೇ! ನಮ್ಮ ಸಂಘಗಳ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಯನ್ನು ಮುದುಕಿಯೊಬ್ಬಳು ಕೈಯಲ್ಲೇ ತೆರೆಯಬಲ್ಲಳೇ? ಒಂದು ಕವರಿನ ಮೇಲೆ ಇನ್ನೊಂದು ಕವರು ಬೇಕೇ? ಮೊದಲು ನಮ್ಮ ಪ್ಯಾಕೆಟ್ ಸರಿಮಾಡೋಣ.

ದೇವರು ಕೊಟ್ಟ ಈ ಭೂಮಿ ನಮ್ಮೆಲ್ಲರ ಮನೆ. ಅಂಗಳ ಗುಡಿಸಿ ಕಸವನ್ನು ಪಕ್ಕದವರ ಬೇಲಿಗೆ ತಳ್ಳಿದರೆ ಮನೆ ಚೊಕ್ಕಟವಾಗದು.

ಚರ್ಚೆಗೆ

* ಒಂದು ವಾರದ ಖಾಲಿ ಪ್ಯಾಕೆಟ್‌ಗಳನ್ನು ಮುಂದಿನ ಸಭೆಗೆ ತಂದು ಎಣಿಸಿ. ಯಾವುದು ಹೆಚ್ಚು?
* ಅವುಗಳಲ್ಲಿ ಯಾವ ಮೂರನ್ನು ನಾವು ಬಿಡಬಹುದು?
* ಒಟ್ಟಾಗಿ ಕೊಳ್ಳಲು ಯಾವ ಸಾಮಾನಿನಿಂದ ಆರಂಭಿಸೋಣ? ನಿರ್ಧಾರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.